ಸೊಗದೆಯ ಹೆಸರಲ್ಲಿ ಮಾಕಳಿ

ನಮ್ಮ ತೋವಿನಕೆರೆ ಸಂತೆಯಲ್ಲಿ ಮಾಕಳಿ ಬೇರು ಎಲ್ಲಿದೆಯೆಂದು ಯಾರನ್ನೂ ಕೇಳಬೇಕಿಲ್ಲ, ಮೂಗೇ ಹೇಳುತ್ತದೆ. ಗೋಣಿತಾಟಿನ ಮೇಲೆ ಅಮೃತಬಳ್ಳಿ, ಬಜೆ, ಅಳಲೆಕಾಯಿಗಳ ಪಕ್ಕದಲ್ಲಿ ಹೆಬ್ಬೆರಳು ದಪ್ಪದ ಕಂದು ಬೇರಿನ ಕಟ್ಟು. ನಮ್ಮಜ್ಜಿ ಒಂದನ್ನು ಚಟಕ್ಕನೆ ಮುರಿದು ಮೂಸಿ ನೋಡಿಯೇ ಚೌಕಾಸಿಗೆ ಇಳಿಯುತ್ತಿದ್ದಳು.

ಮನೆಗೆ ತಂದ ಬೇರನ್ನು ನೆನೆಹಾಕಿ, ಸಿಪ್ಪೆ ಹೆರೆದು, ಜಜ್ಜಿ, ನಡುವಿನ ಗಟ್ಟಿ ನಾರನ್ನು ಎಳೆದು ಬಿಸಾಡುತ್ತಿದ್ದಳು. ಉಳಿದ ಬಿಳಿ ತಿರುಳನ್ನು ಹೆಚ್ಚಿ ನಿಂಬೆರಸ, ಉಪ್ಪು, ಸಾಸಿವೆ, ಖಾರದಪುಡಿ ಬೆರೆಸಿದರೆ ಉಪ್ಪಿನಕಾಯಿ. ಬಾಯಿರುಚಿ ಕೆಟ್ಟಾಗ ಮಜ್ಜಿಗೆ ಅನ್ನಕ್ಕೆ ಅದೇ ಮದ್ದು.

ಆದರೆ ಮಾಕಳಿಯೇ ಆಯುರ್ವೇದದ ‘ಸಾರಿವಾ’ ಅಲ್ಲ, ಸಾರಿವಾ ಬೇರೆ ಗಿಡ. ಅದು ಸೊಗದೆ, ಶರಬತ್ತಿಗೆ ಹಾಕುವ ನನ್ನಾರಿ. ಎರಡರ ಪರಿಮಳಕ್ಕೂ ಮೂಲ ಒಂದೇ ಸಂಯುಕ್ತ. ಅದು ವೆನಿಲಾದ ಘಮಕ್ಕೆ ಹತ್ತಿರದ ನೆಂಟ. ಹಾಗಾಗಿ ಪೇಟೆಯಲ್ಲಿ ಸೊಗದೆಯ ಹೆಸರಲ್ಲಿ ಮಾಕಳಿ ಬಿಕರಿಯಾಗುತ್ತದೆ. ಗುರುತು ಹಿಡಿಯುವುದು ಸುಲಭ: ಸೊಗದೆ ಬೇರು ಸಣ್ಣ, ಕಡ್ಡಿಯಂತೆ ಗಟ್ಟಿ, ಮಾಕಳಿ ದಪ್ಪ, ತಿರುಳುಳ್ಳದ್ದು. ಪುಡಿ ಮಾಡಿದ ಮೇಲೆ ಯಾವ ಮೂಗಿಗೂ ವ್ಯತ್ಯಾಸ ತಿಳಿಯದು. ಆದ್ದರಿಂದ ಔಷಧಿಗೆ ಬೇಕಾದವರು ಇಡೀ ಬೇರನ್ನೇ ಕೊಳ್ಳಿ. ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳಿ.

ನನ್ನ ಸಂಕಟ ಬೇರೆಯದು. ಸೊಪ್ಪು ಕಿತ್ತರೆ ಮತ್ತೆ ಚಿಗುರುತ್ತದೆ. ಬೇರನ್ನೆಲ್ಲ ಅಗೆದರೆ ಬಳ್ಳಿಯೇ ಹೋಗುತ್ತದೆ. ಮಾಕಳಿ ಬೆಳೆಯುವುದು ದಕ್ಷಿಣ ಭಾರತದ ಒಣ ಗುಡ್ಡಗಳ ಬಂಡೆಸಂದಿನಲ್ಲಿ ಮಾತ್ರ. ಉಪ್ಪಿನಕಾಯಿಗೂ ಔಷಧಿಗೂ ಅಗೆದು ಅಗೆದು ಅದೀಗ ಅಳಿವಿನಂಚಿನ ಗಿಡಗಳ ಪಟ್ಟಿ ಸೇರಿದೆ. ಇಂಥ ಗಿಡಗಳನ್ನು ಉಳಿಸಲು ದೇವರಾಯನದುರ್ಗದ ಕಾಡಿನಲ್ಲಿ ಅರಣ್ಯ ಇಲಾಖೆ ಮತ್ತು ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶ ಮಾಡಿವೆ. ಆದರೆ ಕಾಡಿನ ಬೇಲಿಯೊಂದೇ ಸಂತೆಯ ಬೇಡಿಕೆಯನ್ನು ತಡೆಯಲಾರದು.

ಬೇರು ಮಾರುವ ಅಜ್ಜಿಯೊಬ್ಬರು ಹೇಳಿದ್ದು ನೆನಪಿದೆ: “ತಾಯಿಬೇರು ಬಿಟ್ಟು ಪಕ್ಕದ್ದು ತಗೀಬೇಕು ಕಣಪ್ಪ. ಎಲ್ಲಾ ಅಗುದ್ರೆ ಮುಂದ್ಲೊರ್ಸಕ್ಕೆ ಏನೈತೆ?”

ಮಾಕಳಿಯನ್ನು ಬೀಜದಿಂದ ಬೆಳೆಸಬಹುದು. ಬೇಲಿ ಬದಿಯಲ್ಲಿ, ಕಲ್ಲುಭೂಮಿಯಲ್ಲಿ ಜಾಗವಿರುವ ರೈತರು ನಾಲ್ಕು ಬಳ್ಳಿಯಾದರೂ ಹಬ್ಬಿಸಲಿ. ಬೇರು ಹೊಲದಿಂದ ಸಂತೆಗೆ ಬಂದರೆ ಬೆಟ್ಟದ ಬಳ್ಳಿ ಉಳಿಯುತ್ತದೆ.