ಸ್ಪೀಕರ್ ಕೆಟ್ಟಿತೆಂದು ಎಸೆಯುವ ಮೊದಲು

ಬೆಳಿಗ್ಗೆ ಶಟರ್ ಎತ್ತಿ, ದೇವರ ಫೋಟೋಗೆ ದೀಪ ಹಚ್ಚಿ, ಒಂದು ಭಕ್ತಿಗೀತೆ ಹಾಕಿದ ಮೇಲೆಯೇ ಮೊದಲ ಚಹಾ ಕೊಡುವುದು ನಮ್ಮ ಹೆಚ್ಚಿನ ಹೋಟೆಲುಗಳ ಕ್ರಮ. ಹಿಂದೆ ಗಲ್ಲದ ಬದಿಯಲ್ಲಿ ಟೇಪ್ ರೆಕಾರ್ಡರ್ ಇರುತ್ತಿತ್ತು, ಆಮೇಲೆ ಸಿಡಿ ಪ್ಲೇಯರ್ ಬಂತು. ಈಗ ಒಂದು ಮೊಬೈಲ್, ಒಂದು ಪೋರ್ಟೇಬಲ್ ಸ್ಪೀಕರ್ ಇದ್ದರೆ ಸಾಕು. ಕ್ಯಾಟರಿಂಗ್ ಆರ್ಡರಿಗೂ ಅದನ್ನೇ ಹೊತ್ತುಕೊಂಡು ಹೋಗುತ್ತೇವೆ. ಆದರೆ ಅದು ಕರಕರ ಅನ್ನಲು ಸುರು ಮಾಡಿತೋ, "ಸ್ಪೀಕರ್ ಹೋಯಿತು ಸೇಠ್, ಹೊಸತು ತನ್ನಿ" ಎನ್ನುವವರೇ ಹೆಚ್ಚು. ನಾನು ಕಂಡಂತೆ ಹೆಚ್ಚಿನ ಸಲ ಕೆಟ್ಟಿರುವುದು ಸ್ಪೀಕರ್ ಅಲ್ಲ. ವಯರ್, ಪಿನ್ ಅಥವಾ ಚಾರ್ಜರ್.

ಕಂಡುಹಿಡಿಯುವ ಕ್ರಮ ಸುಲಭ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೊದಲು ಬೇರೆ ಮೊಬೈಲ್ ಹಾಕಿ ನೋಡಿ, ಆಮೇಲೆ ಬೇರೆ ವಯರ್, ಆಮೇಲೆ ಅದೇ ಮೊಬೈಲನ್ನು ಬೇರೆ ಸ್ಪೀಕರಿಗೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಸರಿಯಾಗಬಹುದು, ತಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ.

ನಮ್ಮಲ್ಲಿ ಅತಿ ಹೆಚ್ಚು ಕಾಡುವುದು ಗುಂಯ್ ಎಂಬ ಸದ್ದು. ಮೊಬೈಲನ್ನೂ ಸ್ಪೀಕರನ್ನೂ ಬೇರೆ ಬೇರೆ ಚಾರ್ಜರಿಗೆ ಹಾಕಿ, ನಡುವೆ ಆಕ್ಸ್ ವಯರ್ ಜೋಡಿಸಿದಾಗ ಕರೆಂಟಿಗೆ ಎರಡು ದಾರಿಯಾಗಿ ಒಂದು ಸುತ್ತು ಕೂಡಿಕೊಳ್ಳುತ್ತದೆ. ನಮ್ಮ ಲೈನಿನ 50 ಹರ್ಟ್ಸ್ ಕರೆಂಟೇ ಆಗ ಗುಂಯ್ ಎಂದು ಕೇಳುತ್ತದೆ. ಮೊಬೈಲಿನ ಚಾರ್ಜರ್ ತೆಗೆಯಿರಿ. ಸದ್ದು ನಿಂತರೆ ಸ್ಪೀಕರಿನಲ್ಲಿ ದೋಷವಿಲ್ಲ. ಬ್ಲೂಟೂತ್‌ನಲ್ಲಿ ಹಾಕಿದರೆ ನಡುವೆ ವಯರೇ ಇಲ್ಲದ್ದರಿಂದ ಈ ತೊಂದರೆ ಬಾರದು. ಬಿಲ್ಲಿಂಗ್ ಕಂಪ್ಯೂಟರಿನಿಂದಲೇ ಹಾಡು ಹಾಕುವವರಿಗೆ ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ, ಆಕ್ಸ್ ವಯರಿನ ನಡುವೆ ಸಿಕ್ಕಿಸಿದರಾಯಿತು. ಮುಂಬಯಿಯವರು ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಬಹುದು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಗುಂಯ್ ಸದ್ದು ನಿಲ್ಲಿಸಲು ಕೆಲವರು ಆಂಪ್ಲಿಫೈಯರ್ ಅಥವಾ ಕಂಪ್ಯೂಟರ್ ಪ್ಲಗ್ಗಿನ ಮೂರನೇ ಪಿನ್ನನ್ನೇ ಮುರಿದುಬಿಡುತ್ತಾರೆ. ಸದ್ದು ನಿಲ್ಲುತ್ತದೆ ನಿಜ. ಆದರೆ ಆ ಪಿನ್ ಇರುವುದು ಜೀವ ಉಳಿಸಲು. ಒಳಗೆ ವಯರ್ ತಾಗಿ ಡಬ್ಬಿಗೆ ಕರೆಂಟ್ ಬಂದರೆ ಅರ್ಥ್ ದಾರಿಯಲ್ಲಿ ಇಳಿದುಹೋಗಬೇಕಾದ್ದು ಮುಟ್ಟಿದ ಹುಡುಗನ ಮೈಯಲ್ಲಿ ಇಳಿಯುತ್ತದೆ. ಒದ್ದೆ ನೆಲ, ಒದ್ದೆ ಕೈ, ಸ್ಟೀಲ್ ಕೌಂಟರ್ ಇರುವ ನಮ್ಮಂಥ ಜಾಗದಲ್ಲಿ ಇದನ್ನು ಯಾವ ಇಲೆಕ್ಟ್ರಿಷಿಯನ್ ಹೇಳಿದರೂ ಒಪ್ಪಬೇಡಿ. ಗುಂಯ್ ಸದ್ದು ಇದ್ದರೆ ಇರಲಿ.

ಮಿಕ್ಸರ್ ತಿರುಗುವಾಗ ಮಾತ್ರ ಕರ್ ಎನ್ನುತ್ತದೆಯೇ? ಅದರ ಮೋಟರಿನ ಕಾರ್ಬನ್ ಬ್ರಷ್ಷಿನ ಕಿಡಿಯ ಸದ್ದು ಲೈನಿನಲ್ಲಿ ಬರುವುದು. ಸ್ಪೀಕರನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ, ನಿಂತರೆ ದೂರದ ಬೇರೆ ಪ್ಲಗ್ಗಿಗೆ ಹಾಕಿ.

ಇನ್ನೊಂದು ಸೋಜಿಗ. ಕೆಲವೊಮ್ಮೆ ಹಿಮ್ಮೇಳವೆಲ್ಲ ಕೇಳುತ್ತದೆ, ಹಾಡುವವರ ಸ್ವರ ಮಾತ್ರ ಮಾಯ! ಪಿನ್ ಪೂರ್ತಿ ಒಳಗೆ ಹೋಗದೆ, ಅಥವಾ ವಯರ್ ಒಳಗೆ ತುಂಡಾಗಿ ಗ್ರೌಂಡ್ ತಪ್ಪಿದರೆ ಹೀಗಾಗುತ್ತದೆ. ಆಗ ಎಡಬಲ ಚಾನೆಲ್‌ಗಳ ವ್ಯತ್ಯಾಸವಷ್ಟೇ ಕೇಳುವುದು. ಗಾಯಕರ ಸ್ವರ ಎರಡರಲ್ಲೂ ಒಂದೇ ಸಮ ಇರುವುದರಿಂದ ಅಳಿಸಿಹೋಗುತ್ತದೆ. ಹಳೆಯ ಮೊನೊ ರೆಕಾರ್ಡಿಂಗ್ ಆದರೆ ಹೆಚ್ಚುಕಡಿಮೆ ಏನೂ ಕೇಳದು. ಪಿನ್ನನ್ನು ಟಕ್ ಎನ್ನುವವರೆಗೆ ಒತ್ತಿ. ಹೊಸ ವಯರ್ ಕೊಳ್ಳುವುದಾದರೆ ಪಿನ್ನಿನ ಮೇಲೆ ಎರಡು ಗೆರೆ ಇರುವುದನ್ನು ಕೊಳ್ಳಿ; ಮೂರು ಗೆರೆಯದ್ದು ಮೈಕ್ ಇರುವ ಇಯರ್‌ಫೋನಿನದ್ದು.

ಎಣ್ಣೆ ಹೊಗೆ ಮತ್ತು ಜೂನಿನಿಂದ ಸಪ್ಟೆಂಬರ್ ತನಕದ ತೇವ, ಇವೆರಡೂ ಸೇರಿ ಪಿನ್ನಿಗೆ ಅಂಟು, ಕಿಲುಬು ಹಿಡಿಸುತ್ತವೆ. ಪಿನ್ ತಿರುಗಿಸುವಾಗ ಕರಕರ ಎಂದರೆ ಅದೇ. ಸ್ವಿಚ್ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಸೂಜಿ, ಸೇಫ್ಟಿ ಪಿನ್ ತುರುಕಬೇಡಿ.

ಸ್ವರ ಒಡೆದು ಕೇಳಿದರೆ ಬಾಸ್ ಬೂಸ್ಟ್ ತೆಗೆದು, ಮೊಬೈಲಿನ ವಾಲ್ಯೂಮ್ ಮುಕ್ಕಾಲಕ್ಕೆ ಇಳಿಸಿ, ಉಳಿದದ್ದನ್ನು ಸ್ಪೀಕರಿನಲ್ಲಿ ಏರಿಸಿ. ಬ್ಯಾಟರಿ ಇಳಿದಾಗಲೂ ಒಡೆಯುತ್ತದೆ.

ಬ್ಲೂಟೂತ್ ಹಾಡು ತುಂಡು ತುಂಡಾಗುವುದಕ್ಕೆ ನಮ್ಮ ಮೈಕ್ರೋವೇವ್ ಓವನ್ ಕಾರಣವಾಗಬಹುದು. ಓವನ್, ವೈಫೈ, ಬ್ಲೂಟೂತ್ ಮೂರೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಊಟದ ಹೊತ್ತಿಗೆ ಜನ ತುಂಬಿದರೆ, ನಡುವೆ ಸ್ಟೀಲ್ ಕಪಾಟು ಬಂದರೆ 10 ಮೀಟರ್ ಸಹ ತಲುಪದು. ಮೊಬೈಲನ್ನು ಸ್ಪೀಕರ್ ಹತ್ತಿರವೇ ಇಡಿ. ಸಿಮ್ ಇಲ್ಲದ ಹಳೆಯ ಮೊಬೈಲಿಗೆ ಹಾಡು ತುಂಬಿಸಿ ಅದಕ್ಕೆಂದೇ ಇಟ್ಟರೆ ಇನ್ನೂ ಒಳ್ಳೆಯದು. ಇಲ್ಲವಾದರೆ ತರಕಾರಿಯವನ ಬಾಕಿಯ ಮಾತು ಗಿರಾಕಿಗಳಿಗೆಲ್ಲ ಕೇಳೀತು.

ಇಷ್ಟೆಲ್ಲ ನೋಡಿದ ಮೇಲೂ ಬೇರೆ ಮೊಬೈಲ್, ಬೇರೆ ವಯರಿನಲ್ಲಿ ಅದೇ ಹರಕು ಸದ್ದು ಬಂದರೆ ಸ್ಪೀಕರಿನ ಕೋನ್ ಹರಿದಿರಬಹುದು, ಆಗ ರಿಪೇರಿಗೆ ಕೊಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು, ಒಲೆಯ ಹತ್ತಿರ ಚಾರ್ಜ್ ಮಾಡುವುದೂ ಬೇಡ.