ಯುದ್ಧಕಾಲದ ಬಂದಿ ಮತ್ತು ನಾಗರಿಕ ನ್ಯಾಯಪೀಠ

ಯುದ್ಧಕಾಲದಲ್ಲಿ ಪ್ರಭುತ್ವವು ಸೆರೆಯಲ್ಲಿರಿಸಿದ ವ್ಯಕ್ತಿಗೆ ಸಾಮಾನ್ಯ ನ್ಯಾಯಾಲಯದ ಬಾಗಿಲು ತೆರೆದಿರಬೇಕೆ? ನೈತಿಕ ದೈವಶಾಸ್ತ್ರದ ತರಗತಿಗಳಲ್ಲಿ ನಾವು ಈ ಪ್ರಶ್ನೆಯನ್ನು ನ್ಯಾಯಯುತ ಯುದ್ಧದ ಪಾಠದ ಕೊನೆಗೆ ತಳ್ಳಿಬಿಡುವುದುಂಟು. ಆದರೆ ಇದು ನಮ್ಮ ಬೆಂಗಳೂರಿನ ಸೆರೆಮನೆಯಿಂದಲೇ ಎದ್ದುಬಂದ ಪ್ರಶ್ನೆ.

ಮೊದಲು ಒಂದು ಭೇದವನ್ನು ಗುರುತಿಸಬೇಕು. ಯುದ್ಧಕೈದಿ ಅಪರಾಧಿಯಲ್ಲ. 1971ರಲ್ಲಿ ಶರಣಾದ ಸುಮಾರು 93,000 ಮಂದಿಯನ್ನು ಭಾರತವು ಇರಿಸಿಕೊಂಡದ್ದು ಶಿಕ್ಷೆಗಾಗಿ ಅಲ್ಲ. ಅಂಥವರ ಮೇಲೆ ಮೊಕದ್ದಮೆ ಹೂಡಬೇಕಾದಾಗಲೂ ಜಿನೀವಾ ಒಪ್ಪಂದವು ಸಾಮಾನ್ಯವಾಗಿ ಸೇನಾ ನ್ಯಾಯಾಲಯವನ್ನೇ ಸೂಚಿಸುತ್ತದೆ. ನಮ್ಮ ಪ್ರಶ್ನೆ ಬೇರೊಬ್ಬನನ್ನು ಕುರಿತದ್ದು: ಕೇವಲ ಸಂಶಯದ ಮೇಲೆ ಹಿಡಿಯಲ್ಪಟ್ಟವನು, ಯಾರ ವಿರುದ್ಧ ಸರ್ಕಾರದ ಕಡತವೊಂದೇ ಸಾಕ್ಷಿಯೋ ಅವನು. 1962ರ ಯುದ್ಧದ ನಂತರ ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಮಕ್ಕಳೊಡನೆ ಕೂಡಿಹಾಕಲ್ಪಟ್ಟ ಚೀನೀ ಮೂಲದ ಕುಟುಂಬಗಳು ಇಂಥವೇ.

ಪಾಕಿಸ್ತಾನದೊಡನೆ ಯುದ್ಧ ಆರಂಭವಾದ 1971ರ ಡಿಸೆಂಬರ್ 3ರಂದು ಘೋಷಿತವಾದ ತುರ್ತುಪರಿಸ್ಥಿತಿಯು, ಯುದ್ಧ ಎರಡೇ ವಾರಗಳಲ್ಲಿ ಮುಗಿದರೂ, 1977ರ ಮಾರ್ಚ್‌ವರೆಗೆ ರದ್ದಾಗಲಿಲ್ಲ. ಯುದ್ಧಕಾಲವೆಂಬುದು ಎಷ್ಟು ಹಿಗ್ಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಅದರ ಮೇಲೆ 1975ರ ಜೂನ್ 25ರಂದು ಎರಡನೆಯ ಘೋಷಣೆ ಬಂದಿತು. ಆಗ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿನಲ್ಲಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರು ಬಂಧಿತರಾಗಿ ಇಲ್ಲಿನ ಕೇಂದ್ರ ಕಾರಾಗೃಹವನ್ನು ಸೇರಿದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಹೇಳಿತು. ಸರ್ವೋಚ್ಚ ನ್ಯಾಯಾಲಯವಾದರೋ 1976ರ ಏಪ್ರಿಲ್ 28ರಂದು, ನಾಲ್ವರ ಬಹುಮತದಿಂದ, ಆ ಬಾಗಿಲನ್ನು ಮುಚ್ಚಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

ಮುಚ್ಚಿದ ಬಾಗಿಲಿನ ಹಿಂದೆ ನಡೆದುದನ್ನು ನಾವು ಅರಿತಿರಬೇಕು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಲಾರೆನ್ಸ್ ಫೆರ್ನಾಂಡಿಸ್ ಬೆಂಗಳೂರಿನಲ್ಲಿ ಪೊಲೀಸರ ವಶವಾಗಿ ಚಿತ್ರಹಿಂಸೆಗೆ ಒಳಗಾದರು. ಪೊಲೀಸರಿಗೆ ಬೇಕಾಗಿದ್ದವರು ಅವರ ಅಣ್ಣ ಜಾರ್ಜ್. ಒಂದು ಕಾಲಕ್ಕೆ ಇದೇ ನಗರದ ಸಂತ ಪೇತ್ರರ ಗುರುಮಠದ ವಿದ್ಯಾರ್ಥಿ. ಅದೇ ದಿನಗಳಲ್ಲಿ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆಕ್ಷೇಪಣೆಯೂ ಹಗುರವಾದುದಲ್ಲ. ಗುಪ್ತ ಮಾಹಿತಿ ಬಯಲಾದರೆ ಸೈನಿಕರ ಪ್ರಾಣಕ್ಕೆ ಕುತ್ತು ಬರಬಹುದು. ಆದರೆ ಆಲಿಸುವುದೆಂದರೆ ಬಿಡುಗಡೆಯಲ್ಲ. ನ್ಯಾಯಾಧೀಶರು ಮುಚ್ಚಿದ ಕೋಣೆಯಲ್ಲಿ ಕಡತವನ್ನು ನೋಡಬಹುದು. ಸಂವಿಧಾನದ 22ನೆಯ ಅನುಚ್ಛೇದವು ಹೇಳುವ ಸಲಹಾ ಮಂಡಳಿ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ಅದರ ಮುಂದೆ ವಕೀಲರ ನೆರವು ಬಂದಿಯ ಹಕ್ಕಲ್ಲ.

ಪವಿತ್ರ ಗ್ರಂಥವು ಇಲ್ಲಿ ಮೌನವಾಗಿಲ್ಲ. ಎಲ್ಲವನ್ನೂ ಬಲ್ಲ ದೇವರೇ ಏದೆನ್ ತೋಟದಲ್ಲಿ ತೀರ್ಪಿಗೆ ಮುನ್ನ ಆದಾಮನನ್ನು ಪ್ರಶ್ನಿಸಿ ಅವನ ಮಾತನ್ನು ಕೇಳುತ್ತಾರೆ (ಆದಿಕಾಂಡ 3). ಆಪಾದಿತನ ಮಾತು ಕೇಳದೆ ತೀರ್ಪು ಸಲ್ಲದೆಂದು ನಿಕೊದೇಮನು ವಾದಿಸುತ್ತಾನೆ (ಯೊವಾನ್ನ 7:51). ಫೆಲಿಕ್ಸನು ಸಂತ ಪೌಲರನ್ನು ಎರಡು ವರ್ಷ ತೀರ್ಪಿಲ್ಲದೆ ಸೆರೆಯಲ್ಲಿ ಬಿಟ್ಟದ್ದನ್ನು ದಾಖಲಿಸಿದ ಲೂಕನೇ, ಆಪಾದಿತನಿಗೆ ಉತ್ತರಿಸಲು ಅವಕಾಶ ಕೊಡುವ ರೋಮನ್ ಪದ್ಧತಿಯನ್ನು ಫೆಸ್ತನ ಬಾಯಲ್ಲಿ ಹೇಳಿಸುತ್ತಾನೆ (ಪ್ರೇಷಿತರ ಕಾರ್ಯಕಲಾಪಗಳು 25:16). ಪೌಲರು ಮೊರೆಹೊಕ್ಕದ್ದು ಅನ್ಯಧರ್ಮೀಯ ಚಕ್ರವರ್ತಿಯ ನ್ಯಾಯಪೀಠವನ್ನು ಎಂಬುದು ಗಮನಾರ್ಹ. ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವನ್ನು ವಿಧೇಯತೆಗಾಗಿ ಮಾತ್ರ ಉದ್ಧರಿಸುವವರು, ಅದನ್ನು ಬರೆದಾತನ ಈ ನಡೆಯನ್ನೂ ಓದಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು ನಿರಂಕುಶ ಬಂಧನವನ್ನು ಮಾನವ ಘನತೆಗೆ ಬಗೆದ ಅಪಚಾರಗಳ ಸಾಲಿನಲ್ಲೇ ಎಣಿಸಿದೆ.

1978ರ 44ನೆಯ ತಿದ್ದುಪಡಿಯ ನಂತರ, ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯುವಂತಿಲ್ಲ. 1976ರ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, ತಾನೇ ತಳ್ಳಿಹಾಕಿತು. ಆದರೂ ಮುಂಜಾಗ್ರತಾ ಬಂಧನದ ಕಾನೂನುಗಳು ಶಾಂತಿಕಾಲದಲ್ಲೂ ಜಾರಿಯಲ್ಲಿವೆ. ಬಿ.ಟಿ.ಎಂ. ಬಡಾವಣೆಯಿಂದ ಹೊಸೂರು ರಸ್ತೆ ಹಿಡಿದು ಪರಪ್ಪನ ಅಗ್ರಹಾರದ ಸೆರೆಮನೆಗೆ ಸೇವೆಗೆಂದು ಹೋಗುವ ಗುರುಅಭ್ಯರ್ಥಿಗಳು, ಪ್ರಾರ್ಥನೆ ಮುಗಿದ ಮೇಲೆ, ಎದುರಿಗಿರುವವರು ನ್ಯಾಯಾಧೀಶರ ಮುಂದೆ ಕೊನೆಯ ಬಾರಿ ನಿಂತದ್ದು ಯಾವಾಗ ಎಂದು ಕೇಳಿಕೊಂಡು ಬರಲಿ.