ನಿಮಗಿದು ಗೊತ್ತೆ? ಎಲ್ಲ ಹುಚ್ಚೂ ಮನಸ್ಸಿನದಲ್ಲ

ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆಯೇ ಬೆಳೆದು ಇಂದಿನ ಧಾರವಾಡದ ಡಿಮ್ಹಾನ್ಸ್ ಆಗಿದೆ. ಇಂಥ ಆಸ್ಪತ್ರೆಗಳಿಗೆ ಭ್ರಮೆ, ಕೂಗಾಟ, ನಿದ್ರಾಹೀನತೆಯಿಂದ ಬರುವ ಕೆಲವರಲ್ಲಿ ಮೂಲ ತೊಂದರೆ ಇರುವುದು ರೋಗನಿರೋಧಕ ವ್ಯವಸ್ಥೆಯಲ್ಲಿ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ಮಿದುಳಿನ ನರಕೋಶಗಳ ಮೇಲೆ ಸಂದೇಶ ಹಿಡಿಯುವ ಎನ್‌ಎಂಡಿಎ ಎಂಬ ಗ್ರಾಹಕಗಳ ಮೇಲೆ ಬೀಳುತ್ತವೆ. ನರರೋಗ ತಜ್ಞ ಜೋಸೆಪ್ ಡಾಲ್ಮೌ ಅವರ ತಂಡ 2007ರಲ್ಲಿ ಗುರುತಿಸಿದ ಈ ಮಿದುಳಿನ ಉರಿಯೂತ ಯುವತಿಯರಲ್ಲಿ ಹೆಚ್ಚು. ಕೆಲವರಲ್ಲಿ ಅಂಡಾಶಯದ ಗೆಡ್ಡೆ ಇದಕ್ಕೆ ಕಾರಣ. ಬೇಗ ಪತ್ತೆಯಾದರೆ ಸ್ಟೆರಾಯ್ಡ್, ಇಮ್ಯುನೋಗ್ಲಾಬ್ಯುಲಿನ್‌ನಂಥ ಚಿಕಿತ್ಸೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪ್ರತಿಕಾಯಗಳ ಪರೀಕ್ಷೆ ನಡೆಯುತ್ತದೆ.

ಮಿದುಳು ಮತ್ತು ರೋಗನಿರೋಧಕ ವ್ಯವಸ್ಥೆಯ ಇಂಥ ನಂಟನ್ನು ಅರಸುವ ಪ್ರಯೋಗಾಲಯಗಳಲ್ಲಿ ಸಂಶೋಧನಾ ಸಹಾಯಕರ ದುಡಿಮೆ ದೊಡ್ಡದು, ಹೆಸರು ಮಾತ್ರ ಚಿಕ್ಕದು. ರೋಗಿಗೂ ಮನೆಯವರಿಗೂ ಅವರಾಡುವ ಮಾತಿನಲ್ಲೇ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು; ಇದೇ ಎಲ್ಲಕ್ಕಿಂತ ಹೊಣೆಯ ಕೆಲಸ. ಆಮೇಲೆ ರಕ್ತವನ್ನು ಯಂತ್ರದಲ್ಲಿ ಗರಗರ ತಿರುಗಿಸಿ, ಸೀರಂ ಬೇರ್ಪಡಿಸಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಅದನ್ನು ಪದೇ ಪದೇ ಕರಗಿಸಿದರೆ ಅಳತೆ ತಪ್ಪುವ ಭಯ. ಅದಕ್ಕೇ ಮೊದಲೇ ಪುಟ್ಟ ಪುಟ್ಟ ಕೊಳವೆಗಳಿಗೆ ಹಂಚಿಡುವುದು.

ಮನೆಯಲ್ಲಿ ಯಾರದಾದರೂ ನಡವಳಿಕೆ ಕೆಲವೇ ದಿನಗಳಲ್ಲಿ ಪೂರ್ತಿ ಬದಲಾಗಿ, ಜೊತೆಗೆ ಜ್ವರ ಅಥವಾ ಫಿಟ್ಸ್ ಕಾಣಿಸಿಕೊಂಡರೆ ಗಾಳಿ ಸೋಕಿದೆಯೆಂದು ಕಾಲ ಕಳೆಯಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ.